ರಿಕ್ಕಾ ಆಗಿ ನಡೆಯಬೇಕಿದ್ದವಳು

ರೊಕ್ಕಾವೆರ್ನಾ,
15 ಜನವರಿ 1989

ಪ್ರೀತಿಯ ಸವೆರಿಯಾ,

ಇದನ್ನು ಓದಿದ ಮೇಲೆ ಫೋನ್ ಮಾಡಬೇಡ. ಬಾರ್‌ನ ಫೋನಿನ ಪಕ್ಕದ ಕುರ್ಚಿಯಲ್ಲಿ ಮುದುಕ ಲಿಬೆರೊ ಬೆಳಗಿನಿಂದ ಕೂತಿರುತ್ತಾನೆ. ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಗಿರಣಿ ಕೇರಿಯ ಚೌಕ ತಲುಪುತ್ತದೆ. ನಮ್ಮ ಮನೆಗೆ ಫೋನ್ ಮಾಡಿದರೆ ನನಗಿಂತ ಮೊದಲು ಅಮ್ಮನೇ ಅಡುಗೆಮನೆಯಿಂದ ಕೂಗಿ ಉತ್ತರ ಕೊಡುತ್ತಾಳೆ. ಕಾಗದ ಬರೆ.

ಕಳೆದ ಜೂನ್‌ನ ಹಬ್ಬದ ಮೆರವಣಿಗೆ ಸ್ಪರ್ಧೆಯಲ್ಲಿ ನಮ್ಮ ಬಾವಿ ಕೇರಿಯವರು ಹೇಗೆ ಸೋತೆವೆಂದು ನಿನಗೆ ನೆನಪಿರಬೇಕು. ಮೂರು ಕೇರಿಗಳೂ 1437ರ ಜನರಂತೆ ಉಟ್ಟು ಚರ್ಚಿನ ಮುಂದೆ ನಡೆದೆವು. ತೀರ್ಪು ಕೊಡಲು ಹೊರಗಿನಿಂದ ಬಂದ ಪಂಡಿತರು ನಮ್ಮ ಬೇಟೆಗಾರನ ಸೊಂಟಪಟ್ಟಿಯ ಮುಂದೆ ಬಗ್ಗಿ, ಈ ಕೊಕ್ಕೆ ಆ ಕಾಲದ್ದಲ್ಲ, ಅರ್ಧ ಶತಮಾನ ಹೊಸದು ಎಂದರು. ಬಹುಮಾನ ಗಿರಣಿ ಕೇರಿಗೆ ಹೋಯಿತು. ನೀನು ಹೊಲಿದ ಮೇಲಂಗಿಗಳನ್ನು ಅವರು ಹೊಗಳಿದ್ದು ಯಾರಿಗೂ ನೆನಪಿಲ್ಲ, ಕೊಕ್ಕೆ ಮಾತ್ರ ನೆನಪಿದೆ. ಆವತ್ತಿನಿಂದ ನಾನು ಸಣ್ಣ ಸಣ್ಣ ವಸ್ತುಗಳ ಹಿಂದೆ ಬಿದ್ದಿದ್ದೇನೆ. ಕಾರ್ಖಾನೆಯಲ್ಲಿ ಸ್ವೆಟರಿನ ತೋಳು ಜೋಡಿಸುವಾಗಲೂ ತಲೆಯಲ್ಲಿ ಅದೇ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಾಗೇ ಹಳೆ ಕಾಲದ ಉಡುಪು ಹೊಲಿಯುವ ಉತ್ತರದ ಗೆಳೆಯರ ಗುಂಪೊಂದು ಅಚ್ಚು ಹಾಕಿದ ಕಿರುಹೊತ್ತಿಗೆ ಕೈಗೆ ಬಂತು. ಎರಡು ಪಿನ್ ಹೊಡೆದ, ಶಾಯಿ ಕೈಗಂಟುವ, ನಿಜ ಹೇಳುವ ಹೊತ್ತಿಗೆ. ಅದರಲ್ಲಿ ಒಂದೇ ಸಾಲು: ಆ ವರ್ಷಗಳ ಚಿತ್ರಗಳಲ್ಲಿ ಕ್ರೈಸ್ತ ಹೆಂಗಸರ ಕಿವಿ ನೋಡಿ. ನೋಡಿದೆ. ನಮ್ಮ ಚರ್ಚಿನ ಗೋಡೆಚಿತ್ರ, ಸಿಕ್ಕ ಪುಸ್ತಕಗಳು, ಪೋಸ್ಟ್‌ಕಾರ್ಡುಗಳು, ಎಲ್ಲ ನೋಡಿದೆ. ಕೊರಳಲ್ಲಿ ಹವಳ, ತಲೆಯಲ್ಲಿ ಮುತ್ತು, ಬೆರಳ ತುಂಬ ಉಂಗುರ. ಕಿವಿ ಮಾತ್ರ ಬೋಳು. ರಾಣಿಗೂ ಬೋಳು, ಮೇರಿಮಾತೆಗೂ ಬೋಳು.

ಆದರೆ ನಮ್ಮ ಬಾವಿ ಕೇರಿಯ ಒಡತಿಯಾಗಿ ಮೆರವಣಿಗೆಯ ಮುಂದೆ ನಡೆಯುವ ಹುಡುಗಿ ಯುದ್ಧ ಮುಗಿದಂದಿನಿಂದ ಪ್ರತಿ ವರ್ಷ ಅದೇ ಬಂಗಾರದ ರಿಂಗು ಹಾಕಿಕೊಳ್ಳುತ್ತಾಳೆ. ಈ ಸಲ ಕೇರಿಯ ಕಪ್ತಾನ ಎರ್ಮೆತೆ ಮಾವನ ಮಗಳು ಫ್ಲಾಮಿನಿಯಾಳ ಸರದಿ. ಈಗಾಗಲೇ ಕತ್ತು ನೀಳ ಮಾಡಿಕೊಂಡು ಓಡಾಡುತ್ತಿದ್ದಾಳೆ. ಆ ರಿಂಗು ತಪ್ಪಾಗಿದ್ದರೆ? ಫ್ಲಾರೆನ್ಸಿನಲ್ಲಿ ನಿನ್ನ ಕಣ್ಣೆದುರೇ ದೊಡ್ಡ ಗ್ರಂಥಾಲಯವಿದೆ. ಹಳೆ ಬಟ್ಟೆ ದುರಸ್ತಿ ಮಾಡುವವಳಿಗೆ ಅಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ನಮ್ಮ ಊರಿನ ಹಳೆ ಕಾನೂನುಗಳಲ್ಲಿ ಕಿವಿಯ ಬಗ್ಗೆ ಏನಾದರೂ ಇದೆಯೇ, ಹುಡುಕುತ್ತೀಯಾ? ಸುಳ್ಳು ಹೊಲಿಗೆ ಒಂದೂ ಬೇಡ ಎಂದು ಹದಿನಾರರ ವಯಸ್ಸಿನಲ್ಲಿ ಇಬ್ಬರೂ ಆಣೆ ಇಟ್ಟದ್ದು ಮರೆತಿಲ್ಲ ತಾನೇ?

ಒಂದು ತಮಾಷೆ ಕೇಳು. ಫ್ಲಾಮಿನಿಯಾಳ ಅತ್ತಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆತ್ತಳು. ಎರ್ಮೆತೆ ಮಾವ ಬಿಸ್ಕತ್ತಿನ ಡಬ್ಬಿಯಲ್ಲಿ ಬಾವಿ ಕಟ್ಟೆಯ ಮಣ್ಣು ತುಂಬಿಕೊಂಡು ಹೋಗಿ ಹೆರಿಗೆ ಮಂಚದ ಕೆಳಗೆ ಇಟ್ಟರಂತೆ. ನರ್ಸು ಕಾಲಿಗೆ ಸಿಕ್ಕಿಸಿಕೊಂಡು, "ಇದ್ಯಾವನ್ರೀ ಇಲ್ಲಿ ಮಣ್ಣು ತಂದಿಟ್ಟಿರೋದು?" ಅಂತ ಕಿರುಚಿದಳಂತೆ. ಮಾವ ಟೋಪಿ ತೆಗೆದು, "ಮೊಮ್ಮಗ ನಮ್ಮ ಕೇರಿ ಮಣ್ಣಿನ ಮೇಲೆ ಹುಟ್ಬೇಕಲ್ಲ ತಾಯಿ, ಇಲ್ದಿದ್ರೆ ಅವನು ಯಾರ ಪೈಕಿ ಅಂತಾಗ್ತಾನೆ?" ಅಂದರಂತೆ. ಇಡೀ ಕೇರಿ ವಾರವೆಲ್ಲ ನಕ್ಕಿತು.

ಬೇಗ ಬರೆ. ನಿನ್ನಮ್ಮ ನುಂಜಿಯಾ ಚಿಕ್ಕಮ್ಮ ಚೆನ್ನಾಗಿದ್ದಾರೆ, ಕೇರಿಯ ಊಟದ ಮನೆಯಲ್ಲಿ ಅವರದೇ ಆಳ್ವಿಕೆ.

ನಿನ್ನದೇ ದಾರಿ ಕಾಯುವ
ಒರಿಯೆಟ್ಟಾ

*

ಫ್ಲಾರೆನ್ಸ್,
2 ಫೆಬ್ರವರಿ

ಒರಿಯೆಟ್ಟಾ,

ನಿನ್ನ ಅನುಮಾನ ಸರಿ. ನೀನು ಊಹಿಸಿದ್ದಕ್ಕಿಂತ ಹೆಚ್ಚು ಸರಿ.

ನಮ್ಮ ಊರಿನ ಸಭೆ 1432ರಲ್ಲಿ ಮಾಡಿದ ಕಾನೂನು ಹೀಗಿದೆ. ಹತ್ತು ವರ್ಷ ದಾಟಿದ ಯೆಹೂದಿ ಹೆಣ್ಣು ಎರಡೂ ಕಿವಿಗೆ ರಿಂಗು ಹಾಕಿ, ಕಿವಿ ಎಲ್ಲರಿಗೂ ಕಾಣುವಂತೆ ಹೊರಗೆ ಬರತಕ್ಕದ್ದು. ಕ್ರೈಸ್ತ ಹೆಣ್ಣು ರಿಂಗು ಹಾಕಿದರೆ ದಂಡ. ಗುರುತು ಹಿಡಿಯಲು ಸುಲಭವಾಗಲಿ ಎಂದು. ಅಂದರೆ ನಮ್ಮ ಒಡತಿ, ಚರ್ಚಿಗೆ ಮೇಣದಬತ್ತಿ ಒಯ್ಯುವ ಶ್ರೀಮಂತ ಕ್ರೈಸ್ತ ಕನ್ಯೆ, ಇಷ್ಟು ವರ್ಷ ಯೆಹೂದಿ ಹೆಂಗಸಿನ ಗುರುತು ಹಾಕಿಕೊಂಡು ತಲೆಯೆತ್ತಿ ನಡೆದಿದ್ದಾಳೆ. ಯಾರೋ ಅಕ್ಕಸಾಲಿಗ ಚೆಂದ ಕಾಣುತ್ತದೆಂದು ಕೊಟ್ಟ, ನಾವು ಹಾಕಿದೆವು.

ಇನ್ನೊಂದು ಸಿಕ್ಕಿತು. ತುಂಡುಬಟ್ಟೆ ವ್ಯಾಪಾರಿ ಮನುಯೆಲೆಯ ಹೆಂಡತಿ ರಿಕ್ಕಾ ಎಂಬವಳು ಸಭೆಗೆ ಅರಿಕೆ ಮಾಡಿಕೊಂಡಿದ್ದಾಳೆ. ಬಾವಿಗೆ ಹೋದಾಗ ಹೆಂಗಸರು ರಿಂಗು ಹಿಡಿದು ಜಗ್ಗುತ್ತಾರೆ, ಮಗಳ ಕಿವಿ ಹರಿದಿದೆ, ನೀರಿಗೆ ಹೋಗುವಾಗ ಮಾತ್ರ ತಲೆವಸ್ತ್ರದಿಂದ ಕಿವಿ ಮುಚ್ಚಿಕೊಳ್ಳಲು ಅಪ್ಪಣೆ ಕೊಡಿ ಎಂದು. ಸಭೆ ಆಗದು ಎಂದಿದೆ. ಅಷ್ಟೇ, ಒಂದು ಪದದಲ್ಲಿ. ಆ ಬಾವಿ ಯಾವುದು ಎಂದು ನಿನಗೆ ಹೇಳಬೇಕಾಗಿಲ್ಲ.

ಅವಳು ಉಟ್ಟಿರಬಹುದಾದ ಬಟ್ಟೆಯ ಬಗ್ಗೆಯೂ ನೋಡುತ್ತಿದ್ದೇನೆ. ಈ ವಿಷಯ ಇಟ್ಟುಕೊಂಡು ನೀನು ಏನು ಮಾಡುತ್ತೀಯ?

ಬಿಸ್ಕತ್ತಿನ ಡಬ್ಬಿಯ ಕಥೆ ಓದಿದೆ.

ಸವೆರಿಯಾ

*

ರೊಕ್ಕಾವೆರ್ನಾ,
26 ಫೆಬ್ರವರಿ

ಸವೆರಿಯಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ರಿಕ್ಕಾ! ನಾನು ದಿನಾ ಹಾಯುವ ಆ ಬಾವಿ ಕಟ್ಟೆಯ ಹತ್ತಿರ! ಇನ್ನು ಸುಮ್ಮನಿರುವುದು ಹೇಗೆ? ಶನಿವಾರ ಕೇರಿಯ ಸಭೆ ಕರೆಸಿದೆ.

ಎಲ್ಲ ಹೇಳಿದೆ. ಮೊದಲು ನಗು. ಲಿಬೆರೊ, "ಅಯ್ಯೋ, ಹಂಗಾದ್ರೆ ನನ್ನ ಹೆಂಡ್ತಿನೂ ಒಂದು ವರ್ಷ ಹಾಕ್ಕೊಂಡಿದ್ಲಲ್ಲೋ, ಅದಕ್ಕೇ ಆವತ್ತಿಂದ ಹಂದಿಮಾಂಸ ಸರಿಯಾಗಿ ಬೇಯ್ಸಲ್ಲ!" ಅಂದ. ಫ್ಲಾಮಿನಿಯಾ ಅಳಲು ಶುರು ಮಾಡಿದಳು: "ನನ್ನ ಸರದಿ ಬಂದಾಗ್ಲೇ ಇವ್ಳಿಗೆ ಇದೆಲ್ಲ ಸಿಗ್ಬೇಕಾ?" ನಾನು ಕಾನೂನನ್ನು ಗಟ್ಟಿಯಾಗಿ ಓದಿದೆ. ರಿಕ್ಕಾಳ ಅರಿಕೆಯನ್ನೂ ಓದಿದೆ. ನುಂಜಿಯಾ ಚಿಕ್ಕಮ್ಮ ಬಾಗಿಲಲ್ಲಿ ತಟ್ಟೆ ಒರೆಸುತ್ತ ನಿಂತಿದ್ದರು, ಒರೆಸುವುದನ್ನು ನಿಲ್ಲಿಸಿದರು.

ನಾನು ಕೇಳಿದ್ದು ಎರಡೇ. ಒಡತಿಯ ಕಿವಿಯಿಂದ ರಿಂಗು ತೆಗೆಯಬೇಕು. ಜೊತೆಗೆ, ರಿಕ್ಕಾ ನಮ್ಮ ಸಾಲಿನಲ್ಲಿ ನಡೆಯಬೇಕು. ಅವಳೂ ಈ ಕೇರಿಯ ಹೆಂಗಸೇ. ರಿಂಗು ತೆಗೆದು ಸುಮ್ಮನಾದರೆ ಅವಳನ್ನು ಎರಡನೇ ಸಲ ಬಾವಿಯಿಂದ ಅಟ್ಟಿದ ಹಾಗೆ.

ಎರ್ಮೆತೆ ಮಾವ ಕನ್ನಡಕ ಹಣೆಗೇರಿಸಿ, ಪ್ರೀತಿಯಿಂದಲೇ ಹೇಳಿದರು: "ನೋಡು ಮಗಳೇ, ರಿಂಗು ತೆಗೆಯೋಣ. ನೀನು ಹೇಳಿದ್ದು ಸರಿಯಾಗಿದೆ, ಭೇಷ್. ಆದ್ರೆ ಅವಳನ್ನ ಯಾಕೆ ಕರ್ಕೊಂಡ್ ಬರ್ತೀಯ? ಜನ ವರ್ಷಕ್ಕೊಂದ್ಸಲ ಖುಷಿಪಡೋಕೆ ಬರ್ತಾರೆ. ನಮ್ಮ ಅಜ್ಜಿಯಂದಿರು ಮಗುವಿನ ಕಿವಿ ಹರಿದ್ರು ಅಂತ ನಾವೇ ಡಂಗುರ ಸಾರ್ಬೇಕಾ?"

ನಾನು, "ಹರಿದಿದ್ದು ನಿಜ ಅಲ್ವಾ ಮಾವ?" ಅಂದೆ.

"ನಿಜ ಎಲ್ಲಾ ಬೀದಿಗೆ ತರೋದಾದ್ರೆ ನಿಮ್ಮಪ್ಪ ಯಾವ ಪಾರ್ಟಿಗೆ ಓಟು ಹಾಕ್ದ ಅಂತಲೂ ಹೇಳು," ಅಂದ ಲಿಬೆರೊ. ಎಲ್ಲರೂ ನಕ್ಕರು, ಸಭೆ ಹಗುರಾಯಿತು.

ಆಮೇಲೆ ಮಾವನಿಗೆ ಹೊಳೆದದ್ದು ಬೇರೆ. ಗಿರಣಿ ಕೇರಿಯ ಹೆಂಗಸರೂ ರಿಂಗು ಹಾಕುತ್ತಾರಲ್ಲ? ನಾವು ಬೋಳು ಕಿವಿಯಲ್ಲಿ ನಡೆದು, ಪಂಡಿತರ ಕಿವಿಯಲ್ಲಿ ಆ ಕಾನೂನಿನ ಮಾತು ಹಾಕಿದರೆ, ಈ ಸಲ ಅವರ ಕಥೆ ಮುಗಿಯಿತು. "ಹಬ್ಬದ ದಿನದವರೆಗೂ ಈ ಮಾತು ಗೋಡೆಯಿಂದ ಆಚೆ ಹೋಗ್ಬಾರ್ದು," ಎಂದು ಎಲ್ಲರಿಂದಲೂ ಕೇರಿಯ ಕೊರಳವಸ್ತ್ರ ಮುಟ್ಟಿಸಿ ಆಣೆ ತೆಗೆಸಿದರು. ನಾನೂ ಮುಟ್ಟಿದೆ. ನಿನಗೆ ಸುಳ್ಳು ಹೇಳುವುದಿಲ್ಲ: ಗಿರಣಿಯವರ ಮುಖ ಹೇಗಾಗಬಹುದು ಎಂದು ನೆನೆದು ನನಗೂ ಒಳಗೊಳಗೆ ಖುಷಿಯಾಯಿತು.

ಆದರೂ ಆಣೆ ಬಾಯಿ ಮುಚ್ಚಲು, ಕಾಲು ಕಟ್ಟಲು ಅಲ್ಲ. ನಾನೇ ರಿಕ್ಕಾ ಆಗಿ ನಡೆಯುತ್ತೇನೆ. ಯಾರಿಗೂ ಹೇಳದೆ, ಹಬ್ಬದ ದಿನ ಸಾಲಿನ ಕೊನೆಗೆ ಸೇರಿ, ರಿಂಗು ಹಾಕಿಕೊಂಡು. ನೀನು ಅವಳ ಮೇಲಂಗಿಯ ಕತ್ತರಿಸುವ ಅಳತೆ ಬರೆದು ಕಳಿಸು. ಆಣೆ ಇದ್ದರೂ ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಿನಗೆ ಹೇಳುವುದು ಹೊರಗೆ ಹೇಳಿದಂತಲ್ಲ. ನೀನು ಹೆಚ್ಚುಕಡಿಮೆ ನಮ್ಮ ಕೇರಿಯವಳೇ.

ಹಲ್ಲು ಕಚ್ಚಿಕೊಂಡಿರುವ
ಒರಿಯೆಟ್ಟಾ

*

ಫ್ಲಾರೆನ್ಸ್,
20 ಮಾರ್ಚ್

ಒರಿಯೆಟ್ಟಾ,

ಅಳತೆಯ ಹಾಳೆ ಜೊತೆಗಿದೆ. ಎಡ ಹೆಗಲಿನ ನೆರಿಗೆ ಗಮನಿಸು. ಎಲ್ಲರೂ ಮುಂದಕ್ಕೆ ಮಡಿಸುತ್ತಾರೆ, ನಾನು ಹಿಂದಕ್ಕೆ ಬರೆದಿದ್ದೇನೆ. ತುಂಡುಬಟ್ಟೆ ಮಾರುವವನ ಮನೆಯ ಮೇಲಂಗಿ ಇದು. ಬಟ್ಟೆ ಸಾಲದೆ ಹೆಗಲಲ್ಲಿ ಜೋಡಿಸಿರುತ್ತಾರೆ, ಆ ಜೋಡಣೆ ಮುಚ್ಚಲು ನೆರಿಗೆ ಹಿಂದಕ್ಕೆ ಬೀಳಬೇಕು. ನಾನು ದುರಸ್ತಿ ಮಾಡಿದ ಒಂದು ಹಳೆಯ ತುಣುಕಿನಲ್ಲಿ ಹೀಗೇ ಇತ್ತು.

ನನ್ನ ಸಲಹೆ ಬೇರೆಯೇ. ಇದನ್ನೆಲ್ಲ ಬರೆದು ಅಚ್ಚು ಹಾಕಿಸು. ಎರಡು ಪಿನ್ ಹೊಡೆದು ಮೂರೂ ಕೇರಿಗಳಿಗೆ ಹಂಚು. ತಿಳಿದದ್ದು ಯಾರೊಬ್ಬರ ಮನೆಯ ಆಸ್ತಿಯಲ್ಲ ಎಂದು ನನಗೆ ಕಲಿಸಿದವಳು ನೀನೇ. ಎರ್ಮೆತೆ ರಿಕ್ಕಾಳ ಕಿವಿಯನ್ನು ಗಿರಣಿಯವರಿಗೆ ಹೊಡೆಯಲು ಕಲ್ಲು ಮಾಡಿಕೊಂಡಿದ್ದಾರೆ. ನೀನು ಅದಕ್ಕೆ ಕೈ ಹಾಕಿ ಆಣೆ ಮಾಡಿದ್ದೀಯ.

ಹಬ್ಬದ ದಿನ ನಡೆಯುತ್ತೇನೆ ಎಂದು ಬರೆದಿದ್ದೀಯ. ನೀನು ನಡೆಯಲಾರೆ. ಧೈರ್ಯವಿಲ್ಲ ಎಂದಲ್ಲ. ಕೇರಿ ನಿನ್ನನ್ನು ಎಂದೂ ಹೊರಗೆ ನಿಲ್ಲಿಸಿಲ್ಲ, ಹೊರಗೆ ನಿಲ್ಲುವುದು ಹೇಗೆಂದು ನಿನಗೆ ಗೊತ್ತಿಲ್ಲ.

ಅಚ್ಚು ಹಾಕಿಸುತ್ತೀಯಾ ಇಲ್ಲವಾ, ಅಷ್ಟು ಬರೆ.

ಸವೆರಿಯಾ

*

ರೊಕ್ಕಾವೆರ್ನಾ,
9 ಏಪ್ರಿಲ್

ಸವೆರಿಯಾ,

ತಲೆ ಕೆಟ್ಟಿದೆಯೇ ನಿನಗೆ? ಗಿರಣಿ ಕೇರಿಗೆ ಹಂಚುವುದೇ? ತಿಳಿದದ್ದು ಎಲ್ಲರದು, ಒಪ್ಪಿದೆ. ಹಬ್ಬ ಮುಗಿದ ಮರುದಿನ ಹಂಚೋಣ, ನಾನೇ ಮನೆಮನೆಗೆ ಹೋಗಿ ಕೊಡುತ್ತೇನೆ. ಆದರೆ ಜೂನ್‌ಗೆ ಮೊದಲು ಕೊಡುವುದೆಂದರೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರ ಬೆನ್ನಿಗೆ ಇರಿದಂತೆ. ನಾನು ಕೊರಳವಸ್ತ್ರ ಮುಟ್ಟಿದ್ದೇನೆ. ಹುಟ್ಟಿದ ಕೂಸಿಗೆ ಬಾವಿಯ ನೀರು ಚಿಮುಕಿಸಿ ಅದನ್ನು ಕೊರಳಿಗೆ ಕಟ್ಟುತ್ತಾರೆ, ಸತ್ತ ಮೇಲೂ ಬಿಚ್ಚುವುದಿಲ್ಲ. ನೀನು ಅರ್ಥ ಮಾಡಿಕೊಳ್ಳಬೇಕು. ಇಲ್ಲ, ಅಚ್ಚು ಹಾಕಿಸುವುದಿಲ್ಲ.

ನಡೆಯಲಾರೆ ಎಂದೆಯಲ್ಲ, ಅದು ಚುಚ್ಚಿತು. ಕೇಳು: ಉಣ್ಣೆ ಬಟ್ಟೆಗೆ ಮಂಜಿಷ್ಠದ ಬಣ್ಣ ಹಾಕಿ ಆಯಿತು. ಹಿತ್ತಲಲ್ಲಿ ಕುದಿಸಿದೆ, ಅಮ್ಮ ಪಾತ್ರೆ ನೋಡಿ, "ಇನ್ನು ಇದ್ರಲ್ಲಿ ಸಾರು ಮಾಡಿದ್ರೆ ನಿನ್ನ ಹೊಟ್ಟೆನೂ ಕೆಂಪಾಗತ್ತೆ ನೋಡ್ಕೋ," ಅಂದಳು. ಹೊಲಿಗೆ ಎಲ್ಲ ಕೈಯಲ್ಲೇ. ನಿನ್ನ ನೆರಿಗೆಯ ಬಗ್ಗೆ ನನಗೆ ಇನ್ನೂ ಅನುಮಾನ; ಹಿಂದಕ್ಕೆ ಬಿದ್ದದ್ದನ್ನು ಯಾವ ಚಿತ್ರದಲ್ಲೂ ನೋಡಿಲ್ಲ. ಆದರೂ ನಿನ್ನ ಮಾತು ನಂಬಿ ಹಾಗೇ ಹೊಲಿದಿದ್ದೇನೆ. ಹಿತ್ತಾಳೆಯ ರಿಂಗು ಮಾಡಿಸಿದೆ, ಯಾಕೆಂದು ಹೇಳಲಿಲ್ಲ.

ಒಂದೇ ತೊಂದರೆ ನನ್ನ ಕಣ್ಣು. ಸಾಲಿನಲ್ಲಿ ಯಾರೂ ಕನ್ನಡಕ ಹಾಕಬಾರದು ಎಂಬ ನಿಯಮ ಮಾಡಿಸಿದವಳು ನಾನೇ. ಹತ್ತು ಹೆಜ್ಜೆ ಆಚೆ ಯಾರಿದ್ದಾರೆಂದು ಕಾಣುವುದಿಲ್ಲ. ಅದಕ್ಕೇ ಕೇಳುತ್ತೇನೆ, ಈ ಸಲ ನೀನು ಬಾ. ಪ್ರತಿ ವರ್ಷ ಹೊಲಿದುಕೊಟ್ಟು, ಹಬ್ಬದ ದಿನ ನಿನ್ನಮ್ಮನ ಜೊತೆ ಊಟದ ಮನೆಯಲ್ಲಿ ಉಳಿದುಬಿಡುತ್ತೀಯ. ಈ ಸಲ ಚರ್ಚಿನ ಮೆಟ್ಟಿಲ ಮೇಲೆ ನಿಂತಿರು. ನನಗೆ ಕಾಣದಿದ್ದರೂ ನೀನು ಅಲ್ಲಿದ್ದೀಯ ಎಂದು ಗೊತ್ತಿದ್ದರೆ ನಡೆದುಬಿಡುತ್ತೇನೆ.

ಕೋಪ ಇದ್ದರೂ ನಿನ್ನವಳೇ ಆದ
ಒರಿಯೆಟ್ಟಾ

*

ರೊಕ್ಕಾವೆರ್ನಾ,
28 ಮೇ

ಸವೆರಿಯಾ,

ಉತ್ತರ ಯಾಕಿಲ್ಲ? ನುಂಜಿಯಾ ಚಿಕ್ಕಮ್ಮನನ್ನು ಕೇಳಿದರೆ, "ಅವ್ಳಿಗೆ ಕೆಲ್ಸ ಜಾಸ್ತಿ," ಅಂದು ಬೆನ್ನು ತಿರುಗಿಸುತ್ತಾರೆ. ಬರುತ್ತೀಯಾ ಇಲ್ಲವಾ? ಒಂದು ಸಾಲು ಸಾಕು.

ಒ.

*

ಫ್ಲಾರೆನ್ಸ್,
12 ಜೂನ್

ಬರುತ್ತೇನೆ. ಮೆಟ್ಟಿಲ ಮೇಲೆ ಹುಡುಕಬೇಡ.

ಸ.

*

ರೊಕ್ಕಾವೆರ್ನಾ,
27 ಜೂನ್

ಸವೆರಿಯಾ,

ನಾನು ಕಂಡದ್ದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಚೀಟಿ ಎತ್ತಿದಾಗ ಗಿರಣಿ ಕೇರಿಗೆ ಮೊದಲ ಸ್ಥಾನ ಬಂತು. ನಾವು ಬಾವಿ ಓಣಿಯ ತಿರುವಿನಲ್ಲಿ ಸಾಲುಗಟ್ಟಿ ಕಾಯುತ್ತಿದ್ದೆವು. ಫ್ಲಾಮಿನಿಯಾ ಬೋಳು ಕಿವಿಯಲ್ಲಿ, ಮುಖ ಊದಿಸಿಕೊಂಡು ಮುಂದೆ. ನಾನು ಕೊನೆಯಲ್ಲಿ, ನೀರು ಹೊರುವವಳ ವೇಷದಲ್ಲಿ. ಮೇಲಂಗಿ ಮಡಿಸಿ ಬುಟ್ಟಿಯಲ್ಲಿ ಇಟ್ಟಿದ್ದೆ, ರಿಂಗು ಸೊಂಟದ ಚೀಲದಲ್ಲಿ. ಚರ್ಚು ಕಾಣುವ ತಿರುವಿನಲ್ಲಿ ಹಾಕಿಕೊಳ್ಳುವುದು ಎಂದು ನಿಶ್ಚಯ. ಕನ್ನಡಕ ಅಮ್ಮನ ಹತ್ತಿರ.

ಗಿರಣಿಯವರ ತಮಟೆ ಹತ್ತಿರ ಬಂತು. ಬಣ್ಣಗಳ ಮಬ್ಬು ಸಾಲು. ಅವರ ಹೆಂಗಸರ ಕಿವಿಯಲ್ಲಿ ರಿಂಗಿಲ್ಲ ಎಂದು ಎರ್ಮೆತೆ ಮಾವನಿಗೆ ನನಗಿಂತ ಮೊದಲು ಕಂಡಿತು. "ಒಂದೂ ಇಲ್ಲ! ಒಬ್ಳ ಕಿವೀಲೂ ಇಲ್ಲ!" ಅಂದರು. ಆಮೇಲೆ ಅವರ ಸಾಲು ಮುಗಿದು, ಸ್ವಲ್ಪ ಜಾಗ ಬಿಟ್ಟು ಒಬ್ಬಳೇ ಹೆಂಗಸು ಬಂದಳು. ಮಂಜಿಷ್ಠದ ಕೆಂಪು. ಎರಡೂ ಕಿವಿಯಲ್ಲಿ ರಿಂಗಿನ ಮಿನುಗು, ತಲೆವಸ್ತ್ರ ಹಿಂದಕ್ಕೆ ಸರಿಸಿ ಕಿವಿ ಎಲ್ಲರಿಗೂ ಕಾಣುವಂತೆ. ಕೈಯಲ್ಲಿ ಖಾಲಿ ಕೊಡ. ಗಿರಣಿಯವರ ಸಾಲಿನಿಂದ ಒಬ್ಬ ಕೂಗಿದ: "ಮನುಯೆಲೆಯ ಹೆಂಡತಿ ರಿಕ್ಕಾ. ನೀರಿಗೆ ಬಂದಿದ್ದಾಳೆ."

ಆ ಮಬ್ಬಿನಲ್ಲಿ ಮುಖ ನನಗೆ ಗುರುತಾಗಲಿಲ್ಲ. ಅವಳು ನನ್ನ ಮುಂದೆ ಹಾದುಹೋದಳು, ಆಗ ಎಡ ಹೆಗಲು ಕಂಡಿತು. ನೆರಿಗೆ ಹಿಂದಕ್ಕೆ ಬಿದ್ದಿತ್ತು.

ನೀನು ಗಿರಣಿ ಕೇರಿಗೆ ವಿಷಯ ಕೊಟ್ಟಿದ್ದೀಯ ಎಂದುಕೊಂಡೆ ಮೊದಲು. ಆಮೇಲೆ ಆ ಹೆಂಗಸು ಎಡಗಾಲು ಸ್ವಲ್ಪ ಎಳೆದಿಡುವುದು ನೋಡಿದೆ. ಒಂಬತ್ತು ವರ್ಷದವರಿದ್ದಾಗ ಇಬ್ಬರೂ ಅಂಜೂರದ ಮರದಿಂದ ಬಿದ್ದ ಮೇಲೆ ನೀನು ಹಾಗೆ ನಡೆಯುತ್ತೀಯ.

ನನ್ನ ಕೈ ಸೊಂಟದ ಚೀಲದಲ್ಲೇ ಇತ್ತು. ತೆಗೆದು ಹಾಕಿಕೊಂಡಿದ್ದರೆ ಏನಾಗುತ್ತಿತ್ತು? ಗಿರಣಿಯವರನ್ನು ನಕಲು ಮಾಡಿದ ಬಾವಿ ಕೇರಿಯ ಪೆದ್ದಿ ಎನ್ನುತ್ತಿದ್ದರು. ನೀರಿನ ಕೊಡ ಹೊತ್ತು ನಡೆದೆ, ಎಲ್ಲರ ಹಾಗೆ.

ಅವರು ಗೆದ್ದರು. ಪಂಡಿತರಲ್ಲಿ ಒಬ್ಬಾಕೆ ಕಣ್ಣು ಒರೆಸಿಕೊಂಡರಂತೆ. ನನಗೆ ಕಾಣಲಿಲ್ಲ.

ಆ ಸಂಜೆ ಊಟದ ಮನೆಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಲಿಬೆರೊ ಮಾತ್ರ ಬಂದು ಮುಖ ನೋಡಿ, "ಟಪಾಲು ಚೆನ್ನಾಗಿ ನಡೀತಾ ಇತ್ತು ಅನ್ಸತ್ತೆ," ಅಂದ. ಮುಂದಿನ ತಿಂಗಳು ಸಭೆ ಇದೆ. ನನ್ನ ಕೊರಳವಸ್ತ್ರದ ವಿಚಾರ.

ನನ್ನ ಕಾಗದಗಳನ್ನು ಅವರ ಮುಂದೆ ಓದಿದೆಯೋ, ಅಥವಾ ಬಾಯಲ್ಲೇ ಹೇಳಿದೆಯೋ? ತಮಾಷೆಯ ಭಾಗಗಳನ್ನೂ ಓದಿದೆಯಾ? ಯಾವತ್ತು ನಿರ್ಧಾರ ಮಾಡಿದೆ? ಅಳತೆಯ ಹಾಳೆ ಕಳಿಸುವಾಗಲೇ ಒಂದು ನನಗೆ, ಒಂದು ಅವರಿಗೆ ಎಂದು ಎರಡು ಬರೆದಿದ್ದೆಯಾ?

ಒರಿಯೆಟ್ಟಾ

*

ಫ್ಲಾರೆನ್ಸ್,
5 ಜುಲೈ

ಒರಿಯೆಟ್ಟಾ,

ನಿನ್ನ ಕಾಗದಗಳನ್ನು ಯಾರಿಗೂ ತೋರಿಸಿಲ್ಲ. ಹಾಳೆ ಒಂದೇ ಬರೆದೆ, ನಿನಗೆ. ನೀನು ಅಚ್ಚು ಹಾಕಿಸುವುದಿಲ್ಲ ಎಂದ ಮೇಲೆ ಒಂದು ತಿಂಗಳು ಸುಮ್ಮನಿದ್ದೆ. ಮೇ ತಿಂಗಳಲ್ಲಿ ಗಿರಣಿ ಕೇರಿಯ ಕಪ್ತಾನನಿಗೆ ಎಲ್ಲ ಬರೆದೆ, ರಿಕ್ಕಾ ಆಗಿ ನಾನೇ ನಡೆಯುತ್ತೇನೆ ಎಂದೂ. ಕಾನೂನು ಹುಡುಕಿದವಳು ನಾನು, ರಿಕ್ಕಾಳನ್ನು ಕಂಡವಳು ನಾನು. ನೀನು ಕೇಳಿದ್ದು ಕಿವಿಯ ಬಗ್ಗೆ ಮಾತ್ರ. ಆದರೂ ಅದು ನಿನ್ನದೂ ಹೌದು, ನಿನ್ನನ್ನು ಕೇಳದೆ ಕೊಟ್ಟೆ. ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ನಾನು ಹದಿಮೂರರಿಂದ ನಿಮ್ಮ ಕೇರಿಗೆ ಹೊಲಿದೆ. ಒಮ್ಮೆಯೂ ಉಟ್ಟು ನಡೆಯಲಿಲ್ಲ. ಯಾಕೆ ಹಬ್ಬದ ದಿನ ಊಟದ ಮನೆಯಲ್ಲಿ ಉಳಿಯುತ್ತಿದ್ದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ನಾಚಿಕೆ ಸ್ವಭಾವ ಎಂದು ನೀನು ಅಂದುಕೊಂಡಿದ್ದೆ. ನಮ್ಮಮ್ಮ ದಕ್ಷಿಣದಿಂದ ಬಂದವಳು, ಹೆರಿಗೆ ಮಂಚದ ಕೆಳಗೆ ಮಣ್ಣು ಇಡಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಆ ಮಣ್ಣಿನ ಮೇಲೆ ಹುಟ್ಟದವರು ಸಾಲಿನಲ್ಲಿ ನಡೆಯುವಂತಿಲ್ಲ. ಹದಿನೇಳರಲ್ಲಿ ನಾನು ಎರ್ಮೆತೆಯನ್ನು ಕೇಳಿದ್ದೆ, ಸಾಲಿನ ಕೊನೆಯಲ್ಲಾದರೂ ನಡೆಯಲಾ ಎಂದು. "ನೀನು ನಮ್ಮ ಮನೆ ಮಗಳ ಹಾಗೇ ಕಣಮ್ಮ, ಆದ್ರೆ ನಿಯಮ ಅಂತ ಒಂದಿದೆಯಲ್ಲ," ಅಂದರು. ಅವರೂ ಪ್ರೀತಿಯಿಂದಲೇ ಹೇಳಿದರು.

ಗಿರಣಿಯ ಕಪ್ತಾನ ನನ್ನ ಕಾಗದಕ್ಕೆ ಉತ್ತರವಾಗಿ ಒಂದೇ ಪ್ರಶ್ನೆ ಬರೆದ: ಬಟ್ಟೆಯ ಅಂಚು ಮಡಿಸಬೇಕು, ನಿಮ್ಮ ಎತ್ತರ ಎಷ್ಟು? ಆ ಸಾಲನ್ನು ನಾನು ರೈಲಿನಲ್ಲಿ ಓದಿದೆ. ಎದುರಿಗೆ ಕೂತಿದ್ದಾಕೆ ನೀರು ಕೊಟ್ಟಳು, ಮೈ ಚೆನ್ನಾಗಿಲ್ಲವಾ ಎಂದು.

ಅವರಿಗೆ ಗೆಲ್ಲುವುದು ಬೇಕಿತ್ತು, ರಿಕ್ಕಾ ಅಲ್ಲ. ಅದೂ ನನಗೆ ಗೊತ್ತು.

ಬಾವಿ ಓಣಿಯ ತಿರುವಿನಲ್ಲಿ ನಿನ್ನನ್ನು ನೋಡಿದೆ. ನಿನ್ನ ಕೈ ಚೀಲದಲ್ಲಿತ್ತು. ಹಾಕಿಕೊಂಡು ಬಂದು ನನ್ನ ಪಕ್ಕ ನಡೆಯುತ್ತೀಯೇನೋ ಎಂದು ಹೆಜ್ಜೆ ನಿಧಾನ ಮಾಡಿದೆ. ನೀನು ಬರಲಿಲ್ಲ. ನಾನು ಮುಂಚೆಯೇ ಹೇಳಿದ್ದೆ.

ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಸಾಧ್ಯವಾದರೆ ಅವಳನ್ನು ಅಡುಗೆಮನೆಯಿಂದ ಓಡಿಸದ ಹಾಗೆ ನೋಡಿಕೋ. ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಸವೆರಿಯಾ

*

ರೊಕ್ಕಾವೆರ್ನಾ,
30 ಜುಲೈ

ಸವೆರಿಯಾ,

ಸಭೆ ಆಯಿತು. ನಿನ್ನಮ್ಮ ಅಡುಗೆಮನೆಯಲ್ಲೇ ಇದ್ದಾರೆ. ಅದು ಹೇಗಾಯಿತೆಂದು ಹೇಳಿ ಮುಗಿಸುತ್ತೇನೆ.

ಎರ್ಮೆತೆ ಮಾವ ಹಿಂದಿನ ದಿನವೇ ಮನೆಗೆ ಬಂದು ನನಗೆ ದಾರಿ ಮಾಡಿಕೊಟ್ಟಿದ್ದರು. "ಅವ್ಳು ನಿನ್ಗೆ ಮೋಸ ಮಾಡಿ ವಿಷಯ ಕಿತ್ಕೊಂಡ್ಲು ಅಂತ ಹೇಳ್ಬಿಡು. ತಾಯಿಗೂ ಗೊತ್ತಿತ್ತು ಅನ್ನು. ಹೊರಗಿನೋರು, ಇನ್ನೇನು ಮಾಡ್ತಾರೆ? ಕೊರಳವಸ್ತ್ರ ನಿನ್ನ ಹತ್ರನೇ ಇರತ್ತೆ." ಅಮ್ಮ ಹಿಂದಿನಿಂದ ಸನ್ನೆ ಮಾಡುತ್ತಿದ್ದಳು, ಹೂಂ ಅನ್ನು ಎಂದು. ಹೇಳಬೇಕು ಎಂದೇ ಸಭೆಗೆ ಹೋದೆ. ನಿನಗೆ ಅದು ತಿಳಿದಿರಲಿ. ದಾರಿಯುದ್ದಕ್ಕೂ ಆ ಮಾತುಗಳನ್ನೇ ಬಾಯಿಪಾಠ ಮಾಡಿದೆ, ಒಂದೊಂದು ಮಾತಿಗೂ ರುಚಿ ಇತ್ತು.

ಅಲ್ಲಿ ನಿಂತಾಗ ಮಾವ ಕೇಳಿದರು: "ಆಣೆ ಮಾಡಿ ಹೊರಗಿನವಳಿಗೆ ಬರೆದಿದ್ದು ಹೌದಾ?"

"ಹೊರಗಿನವಳಿಗೆ ಬರ್ದಿಲ್ಲ," ಅಂದೆ. "ಸವೆರಿಯಾಗೆ ಬರ್ದೆ. ಅವ್ಳು ನಮ್ಮ ಕೇರಿಯವಳು."

"ಇಲ್ಲಿ ಹುಟ್ಟಿಲ್ಲ," ಅಂತ ಯಾರೋ ಕೂಗಿದರು. "ಅವ್ಳು ನಮ್ಮವಳಲ್ಲ."

"ನಮ್ಮವಳಲ್ಲ ಅಂದ್ಮೇಲೆ ಅವ್ಳು ನಿಮಗೇನು ದ್ರೋಹ ಮಾಡಿದ್ಲು? ಮಾಡಿದ್ದು ನನಗೆ. ಅದನ್ನ ನಾನು ನೋಡ್ಕೋತೀನಿ. ನುಂಜಿಯಾ ಚಿಕ್ಕಮ್ಮನ್ನ ಅವರ ಪಾಡಿಗೆ ಬಿಡಿ."

ನುಂಜಿಯಾ ಚಿಕ್ಕಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತವರು ಒಳಗೆ ಹೋದರು, ಪಾತ್ರೆಗಳ ಸದ್ದು ಶುರುವಾಯಿತು. ಮಾವ ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ಕೈ ಚಾಚಿದರು. ಕೊರಳವಸ್ತ್ರದ ಗಂಟು ಬಿಗಿಯಾಗಿತ್ತು, ಬಿಚ್ಚಲು ಬರಲಿಲ್ಲ. ಫ್ಲಾಮಿನಿಯಾ ಹಿಂದಿನಿಂದ ಬಂದು ಬಿಚ್ಚಿದಳು. ನಾನು ಇನ್ನು ಹೊಲಿಗೆ ಕೋಣೆಗೆ ಹೋಗುವಂತಿಲ್ಲ, ಸಾಲಿನಲ್ಲಿ ನಡೆಯುವಂತಿಲ್ಲ. ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ.

ನಿನ್ನನ್ನು ಕಾಪಾಡಿದೆ ಎಂದುಕೊಳ್ಳಬೇಡ. ಕ್ಷಮಿಸಿಯೂ ಇಲ್ಲ. ಕೇರಿ ನಿನಗೆ ಮಾಡಿದ್ದು ಅನ್ಯಾಯ, ನಾನು ಕುರುಡಿಯ ಹಾಗೆ ಅದರ ಪಕ್ಕ ಕೂತು ನಗುತ್ತಿದ್ದೆ, ಎಲ್ಲ ನಿಜ ಇರಬಹುದು. ಅದನ್ನು ನನ್ನ ಮುಖಕ್ಕೆ ಹೇಳಬಹುದಿತ್ತು. ನೀನು ಹೇಳದೆ ವರ್ಷಗಟ್ಟಲೆ ಕಾದು, ಇಡೀ ಊರಿನ ಮುಂದೆ, ನನಗೆ ಕಣ್ಣು ಕಾಣದ ದಿನ ನೋಡಿ ಹೇಳಿದೆ.

ನಾನು ನಡೆಯಲಾರೆ ಎಂದು ನೀನು ಮಾರ್ಚ್‌ನಲ್ಲಿ ಬರೆದೆ, ಜುಲೈಯಲ್ಲಿ ಮತ್ತೆ ಬರೆದೆ. ಅಷ್ಟು ಖಚಿತವಾಗಿ ನಿನಗೆ ಹೇಗೆ ಗೊತ್ತು? ಚರ್ಚಿನ ತಿರುವಿಗೆ ಇನ್ನೂ ಅರ್ಧ ಓಣಿ ಇತ್ತು. ಆ ಅರ್ಧ ಓಣಿಯಲ್ಲಿ ನಾನು ಏನು ಮಾಡುತ್ತಿದ್ದೆ? ರಾತ್ರಿ ಹಗಲು ಅದನ್ನೇ ಕೇಳಿಕೊಳ್ಳುತ್ತೇನೆ. ಒಂದು ಸಲ ಹಾಕಿಕೊಳ್ಳುತ್ತಿದ್ದೆ ಅನ್ನಿಸುತ್ತದೆ, ಇನ್ನೊಂದು ಸಲ ಕೊಡ ಹೊತ್ತೇ ನಡೆಯುತ್ತಿದ್ದೆ ಅನ್ನಿಸುತ್ತದೆ. ಹೇಡಿಯಾಗಿದ್ದರೆ ಹೇಡಿ ಎಂದಾದರೂ ತಿಳಿಯುತ್ತಿತ್ತು. ನೀನು ಮೊದಲು ನಡೆದುಬಿಟ್ಟೆ. ಇನ್ನು ಸಾಯುವವರೆಗೂ ನನಗದು ಗೊತ್ತಾಗುವುದಿಲ್ಲ.

ಒರಿಯೆಟ್ಟಾ